ಉತ್ಸವ ಬೇಡ ಸಾಹೇಬ್ರೇ, ಗಾರ್ಡನ್‌ಗೆ ಒಂದು ಕರೆಂಟ್ ಪಾಯಿಂಟ್ ಕೊಡಿ

ಕಲಬುರಗಿ ಮಹಾನಗರ ಪಾಲಿಕೆಯ ಮಹಾಪೌರರು, ಆಯುಕ್ತರು, 55 ವಾರ್ಡುಗಳ ಸದಸ್ಯರು ಮತ್ತು ನಮ್ಮ ನಮ್ಮ ಬಡಾವಣೆಗಳ ಹಿರಿಯರಿಗೆ,

ನಮಸ್ಕಾರ.

ನಾನು ಮೈಕ್ ಸೆಟ್, ಶಾಮಿಯಾನ, ಕುರ್ಚಿ ಬಾಡಿಗೆಗೆ ಕೊಡುವವನು. ಸೇಡಂ ರಸ್ತೆ ಕಡೆಯ ಒಂದು ಬಡಾವಣೆಯಲ್ಲಿ ಮನೆ, ಪಕ್ಕದಲ್ಲೇ ಗೋಡೌನ್. ನಿಶ್ಚಿತಾರ್ಥ, ಜವಳ, ಗೃಹಪ್ರವೇಶ, ಗಣಪತಿ, ಜಯಂತಿ, ಪಕ್ಷದ ಸಭೆ, ತಿಥಿ, ಯಾವುದೇ ಆಗಲಿ, ಜನ ಬರುವ ಮೊದಲು ನಾನು ಅಲ್ಲಿರುತ್ತೇನೆ. ಜನ ಹೋದ ಮೇಲೆ ಜಮಖಾನೆ ಸುತ್ತಿಕೊಂಡು ಮನೆಗೆ ಬರುತ್ತೇನೆ. ಹಾಗಾಗಿ ಈ ಊರಿನಲ್ಲಿ ಮಂದಿ ಎಲ್ಲಿ ತಾವಾಗಿ ಕೂಡುತ್ತಾರೆ, ಎಲ್ಲಿ ಲಾರಿ ತುಂಬಿ ತಂದರೂ ಅರ್ಧಕ್ಕೇ ಎದ್ದು ಹೋಗುತ್ತಾರೆ ಅನ್ನೋದು ನನಗೆ ಸ್ವಲ್ಪ ಗೊತ್ತು.

ಕಾರ್ಯಕ್ರಮ ದೊಡ್ಡದಾದಷ್ಟೂ ನನ್ನ ಧಂದೆಗೆ ಲಾಭ. ಆದರೂ ನಾನು ಕೇಳುತ್ತಿರುವುದು ಚಿಕ್ಕದನ್ನು. ಪ್ರತಿ ಬಡಾವಣೆಯ ಗಾರ್ಡನ್‌ನಲ್ಲೋ, ಸಾರ್ವಜನಿಕ ಸೌಕರ್ಯಕ್ಕೆ ಅಂತ ಬಿಟ್ಟು ಖಾಲಿ ಬಿದ್ದ ಸಿಎ ಸೈಟಿನಲ್ಲೋ ತಿಂಗಳಿಗೆ ಒಂದು ಸಂಜೆ. ಹಾಡು, ಆಟ, ನಾಟಕ, ಚಿತ್ರ, ಅಲ್ಲಿಯವರಿಗೆ ಏನು ಬರುತ್ತದೋ ಅದು. ಅದಕ್ಕೆ ಬೇಕಾಗಿರುವುದು ಒಂದು ಕರೆಂಟ್ ಪಾಯಿಂಟ್, ರಾತ್ರಿ ಒಂಬತ್ತೂವರೆವರೆಗೆ ತೆರೆದ ಗೇಟು, ಒಂದೇ ಕಡೆ ಸಿಗುವ ಒಪ್ಪಿಗೆ. ಇಷ್ಟೇ.

ಕಲೆಗೆ ಈ ಊರಿನಲ್ಲಿ ಬರ ಇಲ್ಲ. ರಂಗಾಯಣ ಇದೆ, ಆಕಾಶವಾಣಿ ಇದೆ, ಡಾ. ಎಸ್.ಎಂ. ಪಂಡಿತ್ ರಂಗಮಂದಿರ ಇದೆ, ಕನ್ನಡ ಭವನ ಇದೆ. 2020ರ ಫೆಬ್ರವರಿಯಲ್ಲಿ 85ನೇ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನ ನಡೆದಾಗ ವಿಶ್ವವಿದ್ಯಾಲಯದ ಆವರಣದಲ್ಲಿ ಮೂರು ದಿನ ಜಾತ್ರೆ. ಇನ್ನು ಹೋಳಿ ಮುಗಿದ ಮೇಲೆ ಶರಣಬಸವೇಶ್ವರರ ತೇರು ಎಳೆಯುವಾಗ ಎಷ್ಟು ಮಂದಿ ಸೇರುತ್ತಾರೆ ಅಂತ ನಿಮಗೆ ನಾನು ಹೇಳಬೇಕಿಲ್ಲ. ಆದರೆ ವರ್ಷಕ್ಕೊಮ್ಮೆ ಬರುವುದು ಬೇರೆ, ಮನೆ ಹತ್ತಿರ ಇರುವುದು ಬೇರೆ. ರಂಗಮಂದಿರದಲ್ಲಿ ನಾಟಕ ಮುಗಿಯುವಾಗ ರಾತ್ರಿ ಒಂಬತ್ತು ದಾಟಿರುತ್ತದೆ. ಅಲ್ಲಿಂದ ರಿಂಗ್ ರೋಡ್ ಆಚೆಯ ಬಡಾವಣೆಗೆ ವಾಪಸ್ ಬರಬೇಕು ಅಂದರೆ ಆಟೊದವರು ಡಬಲ್ ಕೇಳುತ್ತಾರೆ. ಬೈಕ್ ಇದ್ದವರು ಹೋಗುತ್ತಾರೆ. ಅರವತ್ತು ದಾಟಿದ ಅವ್ವಂದಿರು, ಎಳೆಮಕ್ಕಳಿರುವ ತಾಯಂದಿರು ಮನೆಯಲ್ಲೇ ಕೂತು ಧಾರಾವಾಹಿ ನೋಡುತ್ತಾರೆ. ಮತ್ತೇನು ಮಾಡಬೇಕು ಅವರು?

ಪಂಡಿತರ ಹೆಸರು ಬಂತು ಅಂತ ಒಂದು ಮಾತು. 1916ರಲ್ಲಿ ಇದೇ ಊರಿನಲ್ಲಿ ಹುಟ್ಟಿದವರು. ಮುಂಬೈಗೆ ಹೋಗಿ ಸಿನಿಮಾ ಪೋಸ್ಟರು, ಕ್ಯಾಲೆಂಡರು ಬರೆದು ದೇಶದ ಮನೆಮನೆಯ ಗೋಡೆ ಸೇರಿದವರು. ನಮ್ಮ ಹುಡುಗರಿಗೆ ಮಾತ್ರ ಪಂಡಿತ್ ಅಂದರೆ ಒಂದು ಬಿಲ್ಡಿಂಗು. ಅವರ ನಾಲ್ಕು ಚಿತ್ರಗಳ ಪ್ರಿಂಟ್ ತಂದು ಗಾರ್ಡನ್ ಕಂಪೌಂಡಿಗೆ ಕಟ್ಟಿ, ಹುಡುಗರ ಕೈಗೆ ಬಣ್ಣ ಕೊಟ್ಟು ಒಂದು ಸಂಜೆ ಕೂರಿಸಿದರೆ ಸಾಕಲ್ವಾ? ಊರಲ್ಲಿ ಚಿತ್ರಕಲೆ ಕಲಿಯುವ ವಿದ್ಯಾರ್ಥಿಗಳಿದ್ದಾರೆ. ಕರೆದರೆ ಅವರೇ ಬಂದು ಹೇಳಿಕೊಡುತ್ತಾರೆ.

ನಮ್ಮ ಬಡಾವಣೆಯಲ್ಲಿ ಯಾರು ಯಾರು ಇದ್ದಾರೆ ನೋಡಿ. ಕಟ್ಟುತ್ತಿರುವ ಅಪಾರ್ಟ್‌ಮೆಂಟ್ ಕಾಯುವ ಕಾಕಾ ಒಬ್ಬರು, ಯಡ್ರಾಮಿ ಕಡೆಯವರು. ಅವರ ಹತ್ತಿರ ಒಂದು ಏಕತಾರಿ ಇದೆ. ಕಡಕೋಳ ಮಡಿವಾಳಪ್ಪನವರ ತತ್ವಪದಗಳನ್ನು ಒಂದಾದ ಮೇಲೊಂದು ಹಾಡುತ್ತಾರೆ, ಪುಸ್ತಕ ಬೇಕಾಗಿಲ್ಲ. ಅದೇ ಪರಂಪರೆಯ ಚೆನ್ನೂರ ಜಲಾಲ ಸಾಹೇಬರ ಪದ ಬಂದರೆ ಕಣ್ಣು ಮುಚ್ಚಿ ಇನ್ನೂ ಮೆಲ್ಲಗೆ ಹಾಡುತ್ತಾರೆ. ಎರಡನೇ ಕ್ರಾಸಿನಲ್ಲಿ ಜೋಳದ ರೊಟ್ಟಿ ಬಡಿದು ಮಾರುವ ಅಕ್ಕ ಇದ್ದಾರೆ. ಬೀಸುಕಲ್ಲ ಪದ, ಸೋಬಾನೆ ಪದ ಎಷ್ಟು ಬರುತ್ತವೆ ಅಂತ ಅವರಿಗೇ ಲೆಕ್ಕ ಇಲ್ಲ. ಮನೆಗಳಿಗೆ ಪೇಂಟ್ ಹೊಡೆಯುವ ಹುಡುಗರು ಮೊಹರಂ ಬಂದರೆ ರಜೆ ಹಾಕಿ ಊರಿಗೆ ಹೋಗುತ್ತಾರೆ, ಅಲಾಯಿ ಕುಣಿದು ರಿವಾಯತ್ ಪದ ಹಾಡಿ ಗಂಟಲು ಕಟ್ಟಿಸಿಕೊಂಡು ಬರುತ್ತಾರೆ. ಮೂಲೆ ಮನೆಯ ನಿವೃತ್ತ ಮಾಸ್ತರರು ಉರ್ದುವಿನಲ್ಲಿ ಶಾಯರಿ ಬರೆಯುತ್ತಾರೆ. ಇವರೆಲ್ಲ ಒಂದೇ ಗಾರ್ಡನ್ ಸುತ್ತ ಇರುವವರು. ಒಬ್ಬರಿಗೆ ಏನು ಬರುತ್ತದೆ ಅಂತ ಇನ್ನೊಬ್ಬರಿಗೆ ಗೊತ್ತಿಲ್ಲ. ನನಗಾದರೂ ಹೇಗೆ ಗೊತ್ತು ಅಂದರೆ, ಮೈಕ್ ಚೆಕ್ ಮಾಡುವಾಗ "ಹಲೋ ಹಲೋ" ಅನ್ನೋ ಬದಲು ಒಂದು ಪದ ಹೇಳಿ ಅಂತ ಯಾರನ್ನಾದರೂ ಕೇಳುವುದು ನನ್ನ ಚಟ.

ಹೋದ ಬೇಸಿಗೆಯಲ್ಲಿ ಇವರನ್ನೆಲ್ಲ ಕೂಡಿಸಿ ಒಂದು ಸಂಜೆ ಮಾಡಿದೆವು. ಮೇ ತಿಂಗಳು. ಹಗಲೆಲ್ಲ ಕಾದ ಕಾಂಕ್ರೀಟು ರಾತ್ರಿ ಎಂಟಕ್ಕೂ ಬಿಸಿ ಉಗುಳುವ ಕಾಲ. ಗಾರ್ಡನ್‌ನಲ್ಲಿ ಕರೆಂಟ್ ಇಲ್ಲ. ಬೀದಿದೀಪದ ಕಂಬಕ್ಕೆ ಕೊಕ್ಕೆ ಹಾಕೋಣ ಅಂದ ಹುಡುಗರಿಗೆ ನಾನು ಬೈದೆ. ಅದು 2003ರ ವಿದ್ಯುತ್ ಕಾಯ್ದೆ ಪ್ರಕಾರ ಕಳ್ಳತನ, ಅದಕ್ಕಿಂತ ಹೆಚ್ಚಾಗಿ ಜೀವಕ್ಕೆ ಅಪಾಯ. ಕೊನೆಗೆ ಎದುರು ಮನೆಯ ವೈನಿ ತಮ್ಮ ಕೂಲರಿನ ಪ್ಲಗ್ ಕಿತ್ತು, ಕಿಟಕಿಯಿಂದ ನಮ್ಮ ವೈರ್ ಒಳಗೆ ತಗೊಂಡರು. ಮೇ ತಿಂಗಳಲ್ಲಿ ಕಲಬುರಗಿಯಲ್ಲಿ ಒಬ್ಬರು ತಮ್ಮ ಮನೆಯ ಕೂಲರ್ ಬಂದ್ ಮಾಡಿ ಓಣಿಗೆ ಕರೆಂಟ್ ಕೊಟ್ಟರು ಅಂದರೆ ಅದು ಎಂಥ ದಾನ ಅಂತ ಇಲ್ಲಿಯವರಿಗೆ ಮಾತ್ರ ತಿಳಿಯುತ್ತದೆ! ಅರ್ಧ ಗಂಟೆ ಚೆನ್ನಾಗಿ ನಡೆಯಿತು. ಅಷ್ಟರಲ್ಲಿ ಅವರ ಅಡುಗೆಮನೆಯಲ್ಲಿ ಯಾರೋ ಮಿಕ್ಸರ್ ಹಾಕಿದರು, ಫ್ಯೂಸ್ ಹೋಯಿತು. ಅವರ ಮನೆಯೂ ಕತ್ತಲು, ನಾವೂ ಕತ್ತಲು.

ನಾನು ಟಾರ್ಚ್ ಹಿಡಿದು ಓಡಾಡುತ್ತಿದ್ದರೆ ರೊಟ್ಟಿ ಅಕ್ಕ ಅಂದರು, "ಮೈಕ್ ಬ್ಯಾಡ ಬಿಡೋ ತಮ್ಮಾ, ಇಷ್ಟು ಮಂದಿಗಿ ಮೈಕ್ ಯಾಕ ಬೇಕು?" ಅಂದವರೇ ಶುರು ಮಾಡಿಬಿಟ್ಟರು. ಹಿಂದೆ ಕೂತವರು ಕುರ್ಚಿ ಎಳೆದುಕೊಂಡು ಮುಂದೆ ಬಂದರು. ಮಕ್ಕಳು ಜಮಖಾನೆ ಮೇಲೆ ಅವರ ಸೀರೆ ಸೆರಗಿಗೆ ತಾಗಿ ಕೂತರು. ಒಂದು ಸಾಲು ಅವರು ಹೇಳಿದರೆ ಮುಂದಿನ ಸಾಲನ್ನು ಬೇರೆ ಬೇರೆ ಮನೆಯ ಮುದುಕಿಯರು ಎತ್ತಿಕೊಂಡರು. ಅವರಿಗೂ ಅದೇ ಪದ ಬರುತ್ತಿತ್ತು! ಅಷ್ಟು ವರ್ಷ ಎದುರುಬದುರು ಮನೆಯಲ್ಲಿದ್ದು ನೀರಿನ ಸರದಿ ಬಿಟ್ಟು ಬೇರೆ ಮಾತಾಡದವರು.

ಮೈಕ್ ಇಲ್ಲದೆಯೇ ನಡೆಯಿತಲ್ಲ, ಮತ್ತೆ ಪ್ಲಗ್ ಯಾಕೆ ಅಂತ ನೀವು ಕೇಳಬಹುದು. ಬೆಳಕಿಗೆ. ಕತ್ತಲಾದರೆ ಹೆಣ್ಣುಮಕ್ಕಳು ಎದ್ದು ಹೊರಡುತ್ತಾರೆ, ಮಕ್ಕಳ ಆಟ ನಿಲ್ಲುತ್ತದೆ, ಹುಳ ಹುಪ್ಪಡಿಯ ಭಯ ಬೇರೆ. ಲೆಕ್ಕ ಹೇಳುತ್ತೇನೆ ಕೇಳಿ. 50 ವಾಟಿನ ನಾಲ್ಕು ಎಲ್‌ಇಡಿ ಫೋಕಸ್, 300 ವಾಟಿನ ಒಂದು ಚಿಕ್ಕ ಆಂಪ್ಲಿಫೈಯರ್. ಒಟ್ಟು 500 ವಾಟ್. ಎರಡೂವರೆ ಗಂಟೆ ಓಡಿದರೂ ಒಂದೂಕಾಲು ಯೂನಿಟ್. ಇಷ್ಟಕ್ಕೆ ಒಂದು ಓಣಿಯವರು ಜನರೇಟರ್ ತರಿಸಬೇಕೇ? ಗಾರ್ಡನ್ ಗೇಟಿನ ಹತ್ತಿರ ಮಳೆಗೆ ನೆನೆಯದ ಒಂದು ಬಾಕ್ಸ್, ಅದರಲ್ಲಿ 15 ಆಂಪಿನ ಸಾಕೆಟ್, ಸರಿಯಾದ ಅರ್ಥಿಂಗ್, 30 ಮಿಲಿಆಂಪ್ ಕರೆಂಟ್ ಸೋರಿದರೂ ಕಟ್ ಆಗುವ ಬ್ರೇಕರ್, ಒಂದು ಮೀಟರ್, ಒಂದು ಬೀಗ. ಬ್ರೇಕರ್ ವಿಷಯದಲ್ಲಿ ಉಳಿತಾಯ ಮಾಡಬೇಡಿ. ಮಕ್ಕಳು ಓಡಾಡುವ ಜಾಗ ಅದು. ಬೀಗದ ಕೈ ಮಾಲಿ ಹತ್ತಿರ ಇರಲಿ.

ಇನ್ನು ಒಪ್ಪಿಗೆಯ ಕಥೆ. ಯಾವ ಕಚೇರಿ ಅಂತ ಹೆಸರು ಬೇಡ. ಅಲ್ಲಿದ್ದವರು ಕೆಟ್ಟವರೂ ಅಲ್ಲ. ಅರ್ಜಿ ಕೊಟ್ಟೆ. ಓದಿದರು. "ಯಾರ ಜಯಂತಿರೀ?" ಅಂದರು. "ಯಾರದೂ ಅಲ್ರೀ ಸರ, ಸುಮ್ನೆ ಓಣಿ ಮಂದಿ ಕೂಡಿ ಹಾಡೋದು, ಮಕ್ಕಳ ಆಟ" ಅಂದೆ. "ಸುಮ್ನೆ ಅಂದ್ರ ಹ್ಯಾಂಗ್ರೀ? ಏನರ ಬರೀಬೇಕಲ್ಲ." ಬೇರೆ ಕಚೇರಿಗೆ ಹೋಗಿ ಅಂದರು. ಅಲ್ಲಿಯವರು ಮೊದಲು ಅವರ ಸಹಿ ತನ್ನಿ ಅಂದರು. ನಮ್ಮ ಭಾಗದಲ್ಲಿ ಏಪ್ರಿಲ್, ಮೇ ತಿಂಗಳು ಸರ್ಕಾರಿ ಕಚೇರಿ ಬೆಳಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ಮಾತ್ರ. ಬಿಸಿಲಿಗೆ ಅದು ಬೇಕೇ ಬೇಕು, ತಕರಾರಿಲ್ಲ. ಆದರೆ ಒಂದು ಸಹಿಗೆ ಇಲ್ಲಿ ಕಾದು ಇನ್ನೊಂದು ಕಡೆ ಹೋಗುವಷ್ಟರಲ್ಲಿ ಬಾಗಿಲು ಹಾಕಿರುತ್ತದೆ. ಕೊನೆಗೆ ಒಬ್ಬರು ಪಾಪ ದಾರಿ ತೋರಿಸಿದರು, "ಯಾರದಾದ್ರೂ ಜನ್ಮದಿನ ಅಂತ ಬರೀರಿ, ಕೆಲಸ ಆಗ್ತದ."

ಇದೇ ನನ್ನ ಮುಖ್ಯ ದೂರು. ದೇವರಿಗೆ, ಮದುವೆಗೆ, ಪಕ್ಷಕ್ಕೆ, ಜಯಂತಿಗೆ ಅರ್ಜಿಯಲ್ಲಿ ಜಾಗ ಇದೆ. ಅಕ್ಕಪಕ್ಕದವರು ಕಾರಣವಿಲ್ಲದೆ ಕೂಡಿ ಖುಷಿಯಾಗಿರುತ್ತೇವೆ ಅಂದರೆ ಜಾಗ ಇಲ್ಲ. ಗಣೇಶ ಹಬ್ಬ ಬಂದರೆ ಎಷ್ಟೋ ಊರುಗಳಲ್ಲಿ ಪೊಲೀಸ್, ಪಾಲಿಕೆ, ಕರೆಂಟಿನವರು ಒಂದೇ ಕಡೆ ಕೂತು ಏಕಗವಾಕ್ಷಿಯಲ್ಲಿ ಪರವಾನಗಿ ಕೊಡುತ್ತಾರೆ. ಮಾಡಬಹುದು ಅಂತ ಆಯಿತಲ್ಲ. ಅದೇ ಏರ್ಪಾಡು ಚಿಕ್ಕ ಪ್ರಮಾಣದಲ್ಲಿ ವರ್ಷಪೂರ್ತಿ ಇರಲಿ. ನೂರೈವತ್ತು ಮಂದಿಯೊಳಗಿನ ಸಂಜೆಗೆ ಒಂದೇ ಪುಟದ ಅರ್ಜಿ, ವಾರ್ಡ್ ಮಟ್ಟದಲ್ಲೇ ಸಹಿ. ಪೊಲೀಸರಿಗೆ ಅಲ್ಲಿಂದಲೇ ಒಂದು ಪ್ರತಿ ಹೋಗಲಿ.

ಇದು ಭಿಕ್ಷೆ ಅಂತ ತಿಳಿಯಬೇಡಿ. 74ನೇ ತಿದ್ದುಪಡಿಯ ಜೊತೆ ಸಂವಿಧಾನಕ್ಕೆ ಬಂದ 12ನೇ ಅನುಸೂಚಿಯಲ್ಲಿ ನಗರ ಸಂಸ್ಥೆಗಳಿಗೆ ವಹಿಸಬಹುದಾದ 18 ಕೆಲಸಗಳ ಪಟ್ಟಿ ಇದೆ. 12ನೆಯದು ಉದ್ಯಾನ, ತೋಟ, ಆಟದ ಮೈದಾನದಂಥ ಸೌಕರ್ಯ. ಅದರ ಬೆನ್ನಿಗೇ 13ನೆಯದು ಸಾಂಸ್ಕೃತಿಕ, ಶೈಕ್ಷಣಿಕ ವಿಷಯಗಳಿಗೆ ಉತ್ತೇಜನ. ಎರಡೂ ಅಕ್ಕಪಕ್ಕ ಕೂತಿವೆ ನೋಡಿ. ಮೂರು ಲಕ್ಷ ಜನಸಂಖ್ಯೆ ಮೀರಿದ ಊರಿಗೆ ವಾರ್ಡ್ ಸಮಿತಿ ಇರಬೇಕು ಅಂತಲೂ ಅದೇ ತಿದ್ದುಪಡಿ ಹೇಳುತ್ತದೆ. ನಾವು 2011ರ ಜನಗಣತಿಯಲ್ಲೇ ಐದು ಲಕ್ಷ ದಾಟಿದವರು. ಚರಂಡಿ, ಕಸ, ನೀರು ಚರ್ಚೆ ಆಗುವ ಸಭೆಯಲ್ಲಿ ಈ ತಿಂಗಳ ಸಂಜೆ ಯಾವಾಗ ಅನ್ನೋದೂ ಒಂದು ವಿಷಯ ಆಗಲಿ.

ಗಾರ್ಡನ್ ಕೊಟ್ಟರೆ ನಾಳೆ ಮದುವೆ ಪೆಂಡಾಲ್ ಹಾಕುತ್ತಾರೆ ಅನ್ನೋ ಹೆದರಿಕೆ ನಿಮಗಿದ್ದರೆ ಅದು ನ್ಯಾಯವೇ. ಉದ್ಯಾನ, ಆಟದ ಮೈದಾನ, ಬಯಲು ಜಾಗ ಉಳಿಸೋಕೆ ಅಂತಲೇ 1985ರ ಕಾಯ್ದೆ ಇದೆ, ಅದು ಗಟ್ಟಿಯಾಗಿಯೇ ಇರಲಿ. ಪೆಂಡಾಲ್ ಹಾಕುವವನಾದ ನಾನೇ ಹೇಳುತ್ತೇನೆ, ಗಾರ್ಡನ್ನಿನಲ್ಲಿ ಗೂಟ ಹೊಡೆಯೋಕೆ ಯಾರಿಗೂ ಬಿಡಬೇಡಿ. ಗೂಟ ಇಲ್ಲ, ಒಲೆ ಇಲ್ಲ, ಗಾಡಿ ಒಳಗೆ ಇಲ್ಲ. ಜಮಖಾನೆ ಹಾಸಿ ಕೂರೋದಕ್ಕೆ ಹುಲ್ಲು ಹಾಳಾಗಲ್ಲ.

ಸದ್ದಿನ ವಿಷಯ ನನ್ನದೇ ಆದ್ದರಿಂದ ಸ್ವಲ್ಪ ಜಾಸ್ತಿ ಹೇಳುತ್ತೇನೆ. "ಮಕ್ಕಳಿಗೆ ಪರೀಕ್ಷೆ ಇದೆ, ಅಪ್ಪನಿಗೆ ಬಿಪಿ ಇದೆ, ಮೈಕ್ ಬೇಡ" ಅನ್ನುವ ನೆರೆಯವರ ಮೇಲೆ ನನಗೆ ಸಿಟ್ಟಿಲ್ಲ. ಡಿಜೆ ಬಾಕ್ಸುಗಳನ್ನು ಗಾಡಿ ಮೇಲೆ ಪೇರಿಸಿ ಕಿಟಕಿ ಗಾಜು ನಡುಗಿಸಿದ ಮೇಲೆ ಅವರು ಬೇರೆ ಏನು ಹೇಳಿಯಾರು? 2000ದ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಬಯಲಲ್ಲಿ ಧ್ವನಿವರ್ಧಕ ಹಾಕುವಂತಿಲ್ಲ. ವಸತಿ ಪ್ರದೇಶಕ್ಕೆ ಹಗಲಿನ ಮಿತಿ, ಅಂದರೆ ರಾತ್ರಿ 10ರವರೆಗಿನದು, 55 ಡೆಸಿಬೆಲ್. ಸಾರ್ವಜನಿಕ ಜಾಗದಲ್ಲಿ ಮೈಕ್ ಹಾಕಿದರೆ, ಆ ಜಾಗದ ಗಡಿಯಲ್ಲಿ ನಿಂತು ಅಳೆದಾಗ ಈ ಮಿತಿಗಿಂತ 10 ಡೆಸಿಬೆಲ್ ಮೀರಬಾರದು. ಅಂದರೆ ನಮ್ಮ ಗಾರ್ಡನ್ ಬೇಲಿ ಹತ್ತಿರ 65. ಇಬ್ಬರು ಎದುರುಬದುರು ಕೂತು ಮಾತಾಡಿದರೇ 60ರ ಹತ್ತಿರ ಬರುತ್ತದೆ. ಇದು ಸಾಧ್ಯವೇ? ಸಾಧ್ಯ. ಕಂಬಕ್ಕೆ ಕಟ್ಟುವ ಹಾರ್ನ್ ಬೇಡ. ಎರಡು ಚಿಕ್ಕ ಸ್ಪೀಕರ್ ಬಾಕ್ಸ್‌ಗಳನ್ನು ಕಿವಿಯ ಎತ್ತರಕ್ಕೆ, ಮುಖ ಒಳಗೆ ಮಾಡಿ, ಜನರ ಹತ್ತಿರ ಇಟ್ಟರೆ ನೂರು ಮಂದಿಗೆ ಧಾರಾಳ. ದೂರದಲ್ಲಿಟ್ಟು ಜೋರು ಮಾಡುವುದು ಸೋಮಾರಿ ಮೈಕಿನವನ ಕೆಲಸ. ಆಸ್ಪತ್ರೆ, ಶಾಲೆ, ಕೋರ್ಟಿನ ಸುತ್ತ 100 ಮೀಟರ್ ನಿಶ್ಶಬ್ದ ವಲಯ, ಅಲ್ಲಿ ಮೈಕೇ ಬೇಡ, ಬರೀ ಆಟ ಮತ್ತು ಚಿತ್ರ ಇರಲಿ. ಎಸ್ಸೆಸ್ಸೆಲ್ಸಿ, ಪಿಯುಸಿ ಪರೀಕ್ಷೆ ತಿಂಗಳು ಪೂರ್ತಿ ರಜೆ.

ಈಗ ವಾರ್ಡ್ ಸದಸ್ಯರಿಗೆ ಒಂದು ಖಾರದ ಮಾತು, ಬೇಸರ ಮಾಡಿಕೊಳ್ಳಬೇಡಿ. ದಯವಿಟ್ಟು ವೇದಿಕೆ ಹಾಕಿಸಬೇಡಿ. ವೇದಿಕೆ ಬಂತು ಅಂದರೆ ದೀಪ ಬೆಳಗಬೇಕು, ಸ್ವಾಗತ ಆಗಬೇಕು, ಹದಿನೈದು ಮಂದಿಗೆ ಹಾರ ಹಾಕಬೇಕು, ಆಮೇಲೆ ಎಲ್ಲರೂ "ಎರಡೇ ಮಾತು" ಅಂತ ಶುರು ಮಾಡುತ್ತಾರೆ. ಡೊಳ್ಳು ಕಟ್ಟಿಕೊಂಡ ಹುಡುಗರು ಸೈಡಿನಲ್ಲಿ ನಿಂತು ಬೆವರುತ್ತಾರೆ. ಭರತನಾಟ್ಯದ ಪುಟ್ಟ ಹುಡುಗಿ ಮೇಕಪ್ಪಿನಲ್ಲೇ ತಾಯಿ ತೊಡೆ ಮೇಲೆ ನಿದ್ದೆ ಹೋಗಿರುತ್ತಾಳೆ. ಇದನ್ನು ನಾನು ಸೌಂಡ್ ಮಿಕ್ಸರ್ ಮುಂದೆ ಕೂತು ಎಷ್ಟು ಸಲ ನೋಡಿದ್ದೇನೋ! ನೀವು ಬನ್ನಿ, ಖಂಡಿತ ಬನ್ನಿ, ಮನೆಯವರನ್ನೂ ಕರೆದುಕೊಂಡು ಬನ್ನಿ. ಬಂದು ಜಮಖಾನೆ ಮೇಲೆ ಕೂತುಕೊಳ್ಳಿ. ನಿಮಗೆ ಹಾಡು ಬಂದರೆ ಹಾಡಿ, ಸರದಿಯಲ್ಲಿ.

ಹಾಗೇ ದುಡ್ಡಿನ ಮಾತು. ಯಾವ ಕಾರ್ಯಕ್ರಮ ಆದರೂ ನನ್ನ ಬಾಡಿಗೆ ಹೇಗೋ ಬರುತ್ತದೆ. ಫ್ಲೆಕ್ಸಿನವನಿಗೆ ಬರುತ್ತದೆ, ಅಡುಗೆಯವರಿಗೆ ಬರುತ್ತದೆ. ಹಾಡಿದವರಿಗೆ ಒಂದು ಶಾಲು, ಒಂದು ಪ್ರಮಾಣಪತ್ರ. ಶಾಲು ಹೊದ್ದುಕೊಂಡು ಬಿಸಿಲಲ್ಲಿ ಏನು ಮಾಡಬೇಕು? ಹೊರಗಿನ ತಂಡ ಕರೆದರೆ ಸಂಭಾವನೆ ಮತ್ತು ಬಸ್ ಚಾರ್ಜ್ ಮೊದಲು, ಉಳಿದರೆ ಫ್ಲೆಕ್ಸು. ಕನ್ನಡ ಮತ್ತು ಸಂಸ್ಕೃತಿ ಇಲಾಖೆ ಯುವ ಸೌರಭ, ಚಿಗುರು, ಜನಪರ ಉತ್ಸವ ಅಂತ ಕಾರ್ಯಕ್ರಮ ನಡೆಸುತ್ತದೆ. ಅದರಲ್ಲಿ ಕೆಲವನ್ನು ಸಭಾಂಗಣ ಬಿಟ್ಟು ಬಡಾವಣೆಗೆ ತಂದರೆ ಪಾಲಿಕೆಗೆ ಖರ್ಚೂ ಕಡಿಮೆ. ರಂಗಾಯಣದವರು ಒಂದು ಗಂಟೆಯ ನಾಟಕವನ್ನು ಎಂಎಸ್‌ಕೆ ಮಿಲ್ ಕಡೆಯೋ, ಶಹಾಬಜಾರಿನಲ್ಲೋ, ರೋಜಾ ಕಡೆಯೋ ಬಯಲಲ್ಲಿ ಆಡಿದರೆ ಕುರ್ಚಿ ಸಾಲುವುದಿಲ್ಲ, ನಾನು ಬರೆದುಕೊಡುತ್ತೇನೆ.

ಎಲ್ಲ ಸಂಜೆಯೂ ಹಾಡೇ ಆಗಬೇಕಿಲ್ಲ. ಸಂಕ್ರಾಂತಿಗೆ ಗಾಳಿಪಟ. ನಾಗರ ಪಂಚಮಿಗೆ ಜೋಕಾಲಿ. ಹೊಸ ಬಡಾವಣೆಗಳಲ್ಲಿ ಜೋಕಾಲಿ ಕಟ್ಟೋಕೆ ಗಟ್ಟಿ ಮರವೇ ಉಳಿದಿಲ್ಲ. ಗಾರ್ಡನ್‌ನಲ್ಲಿ ಎರಡು ಕಬ್ಬಿಣದ ಕಮಾನು ನಿಲ್ಲಿಸಿದರೆ ಹೆಣ್ಣುಮಕ್ಕಳು ನಿಮ್ಮ ಹೆಸರು ಹೇಳುತ್ತಾರೆ. ಗಮನಿಸಿ, ಮಕ್ಕಳ ಉಯ್ಯಾಲೆ ಅಲ್ಲ, ದೊಡ್ಡವರು ನಿಂತು ಜೀಕುವಂಥದ್ದು. ಬೇಸಿಗೆ ರಜೆಯಲ್ಲಿ ಮಕ್ಕಳು ಹಗಲು ಹೊರಗೆ ಬರಲಾರರು, 42 ಡಿಗ್ರಿಯಲ್ಲಿ ಯಾರು ಕಳಿಸುತ್ತಾರೆ? ಸಂಜೆ ಏಳರ ಮೇಲೆ ಬೆಳಕು ಇದ್ದರೆ ಕಬಡ್ಡಿ, ಖೋ ಖೋ, ಲಗೋರಿ. ಚಿಣಿಫಣಿ, ಅಂದರೆ ಗಿಲ್ಲಿದಾಂಡು, ಬೇಡ, ಕತ್ತಲಲ್ಲಿ ಕಣ್ಣಿಗೆ ಬಿದ್ದರೆ ಕಷ್ಟ. ಒಂದು ತಿಂಗಳು ಕನ್ನಡ ಕವಿಗೋಷ್ಠಿ ಮತ್ತು ಮುಶಾಯಿರಾ ಒಟ್ಟಿಗೆ ಇಡಿ. ಕನ್ನಡ, ಉರ್ದು, ತೆಲುಗು, ಮರಾಠಿ ಎಲ್ಲ ಕಿವಿಗೆ ಬೀಳುವ ಊರು ಇದು. ಅರ್ಥ ಆಗದಿದ್ದರೆ ಪಕ್ಕದಲ್ಲಿ ಕೂತವರು ಹೇಳುತ್ತಾರೆ.

ಕಸದ ಬಗ್ಗೆ, ಹೊರಗಿನ ಹುಡುಗರು ಬರುತ್ತಾರೆ ಅನ್ನೋ ಬಗ್ಗೆ ದೊಡ್ಡ ಚರ್ಚೆ ಬೇಡ. ಬಂದವರೇ ಗುಡಿಸಿ ಹೋಗಬೇಕು, ಮುಗಿಯಿತು. ಹೊರಗಿನ ಹುಡುಗರು ಬಂದರೆ ಬರಲಿ, ಕುರ್ಚಿ ಎತ್ತೋಕೆ ಆಗುತ್ತಾರೆ.

ಎಲ್ಲ 55 ವಾರ್ಡಿನಲ್ಲಿ ಒಮ್ಮೆಲೇ ಮಾಡಿ ಅಂತ ಕೇಳಲ್ಲ. ಹಾಗೆ ಮಾಡಿದರೆ ಟೆಂಡರ್ ಆಗುತ್ತದೆ, ಟೆಂಡರ್ ಆದರೆ ಬೋರ್ಡ್ ಬರುತ್ತದೆ, ಪ್ಲಗ್ ಬರಲ್ಲ. ಈ ಶ್ರಾವಣದೊಳಗೆ ಐದು ವಾರ್ಡ್ ಆರಿಸಿ. ಎರಡು ಹಳೇ ಊರಿನ ಒಳಗೆ, ಎರಡು ರಿಂಗ್ ರೋಡ್ ಆಚೆ, ಒಂದು ಕೊಳೆಗೇರಿ ಇರುವ ಕಡೆ. ಕರೆಂಟ್ ಬಾಕ್ಸ್ ಹಾಕಿಸಿ, ಅರ್ಜಿ ಒಂದು ಪುಟಕ್ಕೆ ಇಳಿಸಿ, ಗೇಟಿನ ಸಮಯ ಬರೆದು ಹಾಕಿ. ಇನ್ನೂ ಪಾಲಿಕೆಗೆ ಹಸ್ತಾಂತರ ಆಗದ ಬಡಾವಣೆಗಳ ಗಾರ್ಡನ್ ಯಾರ ಕೈಯಲ್ಲಿದೆ ಅನ್ನೋದನ್ನು ನಗರಾಭಿವೃದ್ಧಿ ಪ್ರಾಧಿಕಾರದವರ ಜೊತೆ ಕೂತು ನೀವೇ ಬಗೆಹರಿಸಿಕೊಳ್ಳಿ, ನಮ್ಮನ್ನು ಓಡಾಡಿಸಬೇಡಿ.

ನನ್ನ ಕಡೆಯಿಂದ, ಆ ಐದೂ ವಾರ್ಡಿನ ಮೊದಲ ಸಂಜೆಗೆ ಎರಡು ಬಾಕ್ಸ್, ಎರಡು ಮೈಕ್, ನಾಲ್ಕು ಫೋಕಸ್, ಜಮಖಾನೆ ಬಾಡಿಗೆ ಇಲ್ಲದೆ ಕೊಡುತ್ತೇನೆ. ಸಾಮಾನು ಇಳಿಸಿ ಏರಿಸುವ ನನ್ನ ಹುಡುಗರ ಹಮಾಲಿ ಮಾತ್ರ ಕೊಡಬೇಕು. ಅದರಲ್ಲಿ ಚೌಕಾಸಿ ಇಲ್ಲ.

ಇಂತಿ,
ಸೇಡಂ ರಸ್ತೆ ಕಡೆಯ ಒಬ್ಬ ಮೈಕ್ ಸೆಟ್ಟಿನವನು
ಕಲಬುರಗಿ